ಜೀಪಿಗೆ ತಣ್ಣನೆ ಗಾಳಿ ಕುಡಿಸಿದ್ದು

ರೇಷ್ಮೆ ಗೂಡಿನ ವ್ಯಾಪಾರಕ್ಕೆ ಇಳಿದವನಿಗೆ ನಗುವಂಥ ಸಂಗತಿಗಳಿಗೆ ಬರವಿಲ್ಲ. ವಾರಕ್ಕೊಂದಾದರೂ ಆಗುತ್ತದೆ. ಆಗುವಾಗ ಮಾತ್ರ ನಗು ಬರುವುದಿಲ್ಲ. ಅದಕ್ಕೆ ಒಂದೆರಡು ವರ್ಷ ಬೇಕು. ನನ್ನ ಹಳೇ ಜೀಪಿನ ವಿಷಯದಲ್ಲಿ ಸ್ವಲ್ಪ ಹೆಚ್ಚೇ ಬೇಕಾಯಿತು.

ಐವತ್ತರ ದಶಕದ ಮಾತು. ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಗೂಡು ಕೊಂಡು ಶಿಡ್ಲಘಟ್ಟದಲ್ಲಿ ನೂಲು ತೆಗೆಯುವವರಿಗೆ ಮಾರುತ್ತಿದ್ದೆ. ಗೂಡು ಕಾಯುವ ಸರಕಲ್ಲ. ದಿನ ಮೀರಿದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡನ್ನು ಯಾರೂ ಮುಟ್ಟುವುದಿಲ್ಲ. ಎತ್ತಿನ ಗಾಡಿ ನಂಬಿ ಎರಡು ಸಲ ಚಿಟ್ಟೆ ಹಾರಿಸಿದ ಮೇಲೆ, ಕೈಲಿದ್ದುದನ್ನೆಲ್ಲ ಸುರಿದು ಮಿಲಿಟರಿ ಹರಾಜಿನ ಜೀಪೊಂದನ್ನು ಕೊಂಡೆ. ಅದು ಓಡಿದರೆ ನಾನು ಗೂಡಿನ ವ್ಯಾಪಾರಿ, ನಿಂತರೆ ಚಿಟ್ಟೆಯ ವ್ಯಾಪಾರಿ.

ಮೂಗಿನ ಪರೀಕ್ಷೆ

ಬೆಳಗಿನ ಹೊತ್ತು ಜೀಪು ಚೆನ್ನಾಗಿ ಓಡುತ್ತಿತ್ತು. ಬಿಸಿಲೇರಿದ ಮೇಲೆ ದಾರಿಯಲ್ಲಿ ಏರು ಬಂತೋ, ಕೆಮ್ಮಿ ಕೆಮ್ಮಿ ನಿಂತುಬಿಡುತ್ತಿತ್ತು. ಚಿಕ್ಕಬಳ್ಳಾಪುರದಲ್ಲಿ ಗ್ಯಾರೇಜು ಇಟ್ಟಿದ್ದ ಸಾಹೇಬರ ಬಳಿ ಒಯ್ದೆ. ಅವರು ಇಂಜಿನ್ ಚಾಲೂ ಮಾಡಿ, ಬಾನೆಟ್ಟನ್ನು ಒಂದು ಗೇಣು ಎತ್ತಿ, "ಸಾವ್ಕಾರ್ರೇ, ಇಲ್ಲಿ ಮೂಗಿಡಿ" ಅಂದರು.

ಇಟ್ಟೆ. ಬಿಸಿಗಾಳಿ, ಧೂಳು, ಎಣ್ಣೆಯ ಕಮಟು. ತಲೆ ತಾನಾಗಿ ಹಿಂದಕ್ಕೆ ಬಂತು.

"ಹತ್ತು ಎಣಿಸೋವರೆಗೂ ತಡ್ಕೊಳ್ಳಲಿಲ್ಲ ನೀವು. ಇದು ಪಾಪ ಕೈವಾರದಿಂದ ಇದೇ ಗಾಳಿ ಕುಡ್ಕೊಂಡು ಬಂದಿದೆ. ಬೆನ್ನ ಮೇಲೆ ನಿಮ್ಮ ಮೂಟೆ ಬೇರೆ."

ಹೊರಗಿನ ತಣ್ಣನೆ ಗಾಳಿ ಸಿಗುವ ಹಾಗೆ ಬಾನೆಟ್ಟಿನ ಪಕ್ಕದಿಂದ ಮುಂದಿನ ಗಾಜಿನ ಎತ್ತರಕ್ಕೆ ಒಂದು ಕೊಳವೆ ಏರಿಸಬೇಕು, ಅಷ್ಟು ಮೇಲೆ ಧೂಳೂ ಕಮ್ಮಿ ಎಂದು ವಿವರಿಸಿದರು.

"ಅಂಥ ಕೊಳವೆ ಎಲ್ಲಿ ಸಿಗುತ್ತೆ ಸಾಹೇಬ್ರೇ?"

"ಎಲ್ಲೂ ಸಿಗಲ್ಲ. ನಾವೇ ಮಾಡ್ಬೇಕು."

"ಮುಂಚೆ ಯಾವ ಗಾಡಿಗೆ ಮಾಡಿದ್ದೀರಿ?"

ಸಾಹೇಬರು ಕೈ ಒರೆಸಿಕೊಳ್ಳುತ್ತ, "ನಿಮ್ಮದು ಆಗ್ಲಿ, ಆಮೇಲೆ ಹೇಳ್ತೀನಿ" ಅಂದರು.

ಹೋಟೆಲಿನ ಅಳತೆ

ಕೊಳವೆ ಮಾಡಲು ತಗಡಿನ ಕೆಲಸದ ಯಜಮಾನರಿಗೆ ಹೇಳಿದೆವು. ಊರಿನ ಹೋಟೆಲು ಒಲೆಗಳ ಹೊಗೆ ಕೊಳವೆಗಳೆಲ್ಲ ಅವರ ಕೈಯವೇ. ಸೀಮೆಣ್ಣೆ ಡಬ್ಬದ ತಗಡಿನಲ್ಲಿ ಅಂದವಾಗಿ ಬಗ್ಗಿಸಿ, ಬೆಸೆದು, ಬಣ್ಣ ಬಳಿದು ತಂದರು. ಸಾಹೇಬರು ಅದರ ಬುಡಕ್ಕೆ ಲಾರಿ ಟ್ಯೂಬಿನ ತುಂಡು ಸೇರಿಸಿ, ತಂತಿ ಬಿಗಿದು, ಇಂಜಿನ್ ಚಾಲೂ ಮಾಡಿದರು. ಒಂದು ಸೀನು ಸೀನಿ ನಿಂತಿತು. ಮತ್ತೆ ಮಾಡಿದರು, ಮತ್ತೆ ಸೀನಿತು. ಗಂಟೆಗಟ್ಟಲೆ ಬಿಚ್ಚಿ ನೋಡಿದ ಮೇಲೆ ಕೊಳವೆಯೊಳಗೆ ಒಂದು ಪುಟ್ಟ ತಗಡಿನ ಬಾಗಿಲು ಸಿಕ್ಕಿತು. ಹೊರಕ್ಕೆ ತೆರೆಯುತ್ತಿತ್ತು, ಒಳಕ್ಕೆ ತೆರೆಯುತ್ತಿರಲಿಲ್ಲ.

"ಇದೇನು ಯಜಮಾನ್ರೇ?"

"ಗಾಳಿ ಒಳಕ್ಕೆ ನುಗ್ಗಬಾರ್ದಲ್ಲ, ಅದಕ್ಕೆ. ಹೋಟೆಲಿನವರಿಗೆ ಇದಕ್ಕೆ ಬೇರೆ ದುಡ್ಡು ತಗೋತೀನಿ. ನಿಮಗೆ ಬಿಟ್ಟಿ."

"ನಮಗೆ ಗಾಳಿ ಒಳಗೇ ಬರ್ಬೇಕು."

"ಹಾಗಾದ್ರೆ ಹೊಗೆ?"

ಸಾಹೇಬರು ಹಿಂದೆ ಕರೆದೊಯ್ದು ಸೈಲೆನ್ಸರ್ ತೋರಿಸಿದರು. ಯಜಮಾನರು ಬಗ್ಗಿ ಅದನ್ನು ನೋಡಿ, ಎದ್ದು ಬಂದು ಇಂಜಿನ್ನನ್ನೂ ನೋಡಿ, ತಲೆಯಾಡಿಸಿದರು.

"ಒಲೆ ಮುಂಬಾಗಿಲಲ್ಲಿ, ಹೊಗೆ ಹಿತ್ತಲಲ್ಲಿ. ಇದನ್ನ ಕಟ್ಟಿದವನು ವಾಸ್ತು ಕೇಳಿಲ್ಲ ಬಿಡಿ."

ಮಾವನವರ ಉಡುಗೊರೆ

ಕೊಳವೆಯ ಬಾಯಿ ಅಗಲವಾಗಿದ್ದಷ್ಟೂ ಒಳ್ಳೆಯದು ಎಂದು ಸಾಹೇಬರು ಹೇಳಿದ್ದರು. ಹಾಗೆ ಅಗಲ ಬಾಯಿಯದು ನಮ್ಮ ಮನೆಯಲ್ಲಿ ಒಂದೇ ಇತ್ತು: ಮದುವೆಯಲ್ಲಿ ಮಾವನವರು ಕೊಟ್ಟ ಗ್ರಾಮಫೋನಿನ ಹಿತ್ತಾಳೆ ಕಹಳೆ. ಸ್ಪ್ರಿಂಗು ಮುರಿದು ವರ್ಷಗಳೇ ಆಗಿದ್ದವು. ಆದರೂ ಕೇಳದೆ ತೆಗೆಯುವ ಧೈರ್ಯ ನನಗಿರಲಿಲ್ಲ.

ಮನೆಯವಳು ಅಕ್ಕಿ ಆರಿಸುತ್ತಿದ್ದಳು. ನಾನು ಇಂಜಿನ್ನಿನ ಉಸಿರು, ಗೂಡಿನ ಕಷ್ಟ ಎಲ್ಲ ಹೇಳಿ ಮುಗಿಸುವ ತನಕ ತಲೆ ಎತ್ತಲಿಲ್ಲ.

"ತಗೊಂಡು ಹೋಗಿ," ಅಂದಳು. "ಅದಾದ್ರೂ ನಿಮ್ಮ ಜೊತೆ ನಾಲ್ಕು ಊರು ನೋಡಲಿ."

ಚಿಕ್ಕ ಭಾಷಣ

ಕೊಳವೆಯೊಳಗಿನ ಬಾಗಿಲು ಕಿತ್ತುಹಾಕಿ, ಕಹಳೆಯ ಕುತ್ತಿಗೆಯಲ್ಲಿ ಧೂಳು ತಡೆಯಲು ತೆಳು ಬಟ್ಟೆ ಕಟ್ಟಿ, ಕೊಳವೆಯ ತುದಿಗೆ ಬಿಗಿದೆವು. ಜೀಪು ನಡುಮಧ್ಯಾಹ್ನ, ಮೂಟೆ ಹೊತ್ತು, ಏರು ಹತ್ತಿತು. ಸಾಹೇಬರ ಕಣ್ಣು ಒದ್ದೆಯಾಯಿತು, ಧೂಳು ಅಂದರು.

ಆದರೆ ಅದು ಎಲೆಕ್ಷನ್ ಕಾಲ. ನೆತ್ತಿಯ ಮೇಲೆ ಕಹಳೆ ಇರುವ ಜೀಪು ಎಂದರೆ ಜನಕ್ಕೆ ಒಂದೇ ಅರ್ಥ. ಹಳ್ಳಿಯಲ್ಲಿ ನಿಲ್ಲಿಸಿದರೆ ಸಾಕು, ಸುತ್ತ ಮೂವತ್ತು ನಲವತ್ತು ಜನ.

"ಯಾವ ಗುರುತು ಸ್ವಾಮಿ ನಿಮ್ದು?"

"ಯಾವ್ದೂ ಇಲ್ಲಪ್ಪ."

"ಇರಲಿ, ಬೇಗ ಶುರು ಮಾಡಿ. ನಮಗೆ ಬಸ್ಸಿಗೆ ಹೊತ್ತಾಗುತ್ತೆ."

ಕರೆಯದೆ ಬಂದ ಜನವನ್ನು ಯಾವ ವ್ಯಾಪಾರಿ ಬಿಡುತ್ತಾನೆ? ಸೀಟಿನ ಮೇಲೆ ಎದ್ದು ನಿಂತು, "ಮಾರೋಕೆ ಗೂಡಿರೋರು ಕೈ ಎತ್ತಿ" ಅಂದೆ. ಆರು ಕೈ ಎದ್ದವು. ಮನೆಮನೆ ತಿರುಗುವ ಕಷ್ಟ ಉಳಿಯಿತು. ಹೊರಡುವಾಗ ಒಬ್ಬ ಹಿರಿಯರು ಹತ್ತಿರ ಬಂದು, ಅಲ್ಲಿಯವರೆಗೆ ಕೇಳಿದ್ದರಲ್ಲೆಲ್ಲ ಅದೇ ಒಳ್ಳೆಯ ಭಾಷಣ ಎಂದರು.

ಅರ್ಜಿ

ಇದೇ ಕಹಳೆ ಒಂದು ದಿನ ಜೀವ ಹಿಂಡಿತು. ರೈತರು ಗೂಡು ಬಿಡಿಸುವುದೇ ತಡವಾಗಿತ್ತು. ಅವತ್ತು ಸಂಜೆಯೊಳಗೆ ಶಿಡ್ಲಘಟ್ಟ ಸೇರಿ, ಒಳಗಿನ ಹುಳು ಸಾಯುವಂತೆ ಹಬೆಗೆ ಹಾಕದಿದ್ದರೆ ಎಂಟು ಚೀಲವೂ ಚಿಟ್ಟೆಯ ಪಾಲು. ಇಂಜಿನ್ನಿನ ಸದ್ದು ಕೇಳಬೇಕೆಂದು ಸಾಹೇಬರೇ ಜೀಪು ಓಡಿಸುತ್ತಿದ್ದರು. ಚಿಂತಾಮಣಿ ದಾಟಿ ಒಂದು ಹಳ್ಳ ಹತ್ತಿ ಮೇಲೆ ಬಂದರೆ ಊರಿಗೆ ಊರೇ ದಾರಿಗೆ ಅಡ್ಡ. ಮುಂದೆ ಒಬ್ಬ ಅಜ್ಜಿ, ಕೈಯಲ್ಲಿ ಸುರುಳಿ ಸುತ್ತಿದ ಕಾಗದ.

"ಏಮಯ್ಯಾ, ಹೋದ ಸಲ ಇಂಥದ್ದೇ ಗಾಡಿ ಬಂದು ಹಳ್ಳ ದಾಟೋಕೆ ಮೋರಿ ಕಟ್ತೀವಿ ಅಂತು. ಈ ಸಲ ಅರ್ಜಿ ಕೊಡ್ದೆ ಬಿಡಲ್ಲ."

"ಅವ್ವಾ, ನಾನು ಗೂಡಿನ ವ್ಯಾಪಾರಿ. ಚೀಲ ನೋಡಿ ಬೇಕಾದ್ರೆ."

ಹಿಂದಿನಿಂದ ಯಾರೋ, "ಹಂಚೋಕೆ ತಂದಿದ್ದಾರೆ ಕಣೋ" ಅಂದರು.

"ಇಲ್ಲಪ್ಪ. ಈ ಕಹಳೆ ಮಾತಾಡೋದಲ್ಲ. ಬರೀ ಗಾಳಿ ಎಳ್ಕೊಳ್ಳೋದು."

"ಮಾತು ಹೋದ ಸಲವೇ ಬೇಕಾದಷ್ಟು ಕೇಳಿದ್ದೀವಿ," ಎನ್ನುತ್ತ ಅಜ್ಜಿ ಅರ್ಜಿಯನ್ನು ಕಹಳೆಯೊಳಕ್ಕೆ ಮೊಣಕೈವರೆಗೆ ತಳ್ಳಿದಳು. ನನ್ನ ಮಾತು ನಿಜವೆಂದು ತೋರಿಸಲು ಸಾಹೇಬರು ಅದೇ ಗಳಿಗೆಯಲ್ಲಿ ಆಕ್ಸಿಲರೇಟರ್ ತುಳಿದರು. ಸುಯ್ ಎಂದು ಕಾಗದ ಒಳಗೆ ಹೋಯಿತು. ಇಂಜಿನ್ ಉಸಿರು ಕಟ್ಟಿ ನಿಂತಿತು.

ಅಜ್ಜಿ ಖಾಲಿ ಕೈ ನೋಡಿಕೊಂಡಳು. ಆಮೇಲೆ ಜನದ ಕಡೆ ತಿರುಗಿದಳು.

"ಅರ್ಜಿ ನುಂಗೋ ಗಾಡಿ ಸರ್ಕಾರದ್ದಲ್ದೆ ಇನ್ಯಾರದ್ದು? ಚಕ್ರಕ್ಕೆ ಕಲ್ಲು ಕೊಡ್ರೋ."

ಕೊಟ್ಟರು. ಬಿಸಿಲು ಏರುತ್ತಿತ್ತು. ನಾನು ಒಂದು ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ. ಹುಳು ಇನ್ನೂ ಗೂಡಿನೊಳಗೇ ಇತ್ತು, ಎಷ್ಟು ಹೊತ್ತು ಇರುತ್ತದೋ ತಿಳಿಯಲಿಲ್ಲ. ಸಾಹೇಬರು ತಂತಿ ಬಿಚ್ಚಿ, ಕಹಳೆ ಕಳಚಿ, ಬಟ್ಟೆಗೆ ಕಚ್ಚಿಕೊಂಡಿದ್ದ ಕಾಗದವನ್ನು ಮೆಲ್ಲಗೆ ಎಳೆದರು. ಮುದುರಿತ್ತು, ಹರಿದಿರಲಿಲ್ಲ. ನಾನು ಅದನ್ನು ತೊಡೆಯ ಮೇಲೆ ತಿಕ್ಕಿ ನೇರ ಮಾಡಿ ಅಜ್ಜಿಗೆ ಕೊಟ್ಟೆ. ಅವಳು ಹೆಬ್ಬೆಟ್ಟಿನ ಗುರುತುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಎಲ್ಲ ಇದ್ದವು.

ಅರ್ಜಿಯನ್ನು ನಾನೇ ತಾಲ್ಲೂಕು ಕಚೇರಿಯ ಅಮಲ್ದಾರರ ಕೈಗೆ ಕೊಡುತ್ತೇನೆ ಎಂದೆ. ಧರ್ಮಕ್ಕಲ್ಲ, ಆ ಮೋರಿ ನನ್ನ ಜೀಪಿಗೂ ಬೇಕಿತ್ತು. ಅಂತೂ ಅವತ್ತಿನ ಸಂಜೆ ಒಂದು ಗೂಡೂ ತೂತಾಗದೆ ಎಂಟು ಚೀಲವೂ ಶಿಡ್ಲಘಟ್ಟ ಸೇರಿದವು. ಅದಕ್ಕೆ ನನ್ನ ಮಾತಿನ ಜಾಣತನ ಕಾರಣವಲ್ಲ. ಅಜ್ಜಿ ಕಾಗದವನ್ನು ಮಡಿಸಿ ನನ್ನ ಕೈಗಿಟ್ಟು, ತನ್ನವರಿಗೆ ಹೇಳಿದಳು:

"ಕಲ್ಲು ತೆಗೀರೋ. ನುಂಗಿದ ಅರ್ಜಿ ಹೊರಗೆ ಬಂತು ಅಂದ್ಮೇಲೆ ಇದು ಸರ್ಕಾರದ ಗಾಡಿ ಅಲ್ಲ."