ಟೆಲಿಫೋನ್ ಡೈರೆಕ್ಟರಿಗೆ ಮಂಗಳಾರತಿ

ಮಾನವ ಹಕ್ಕುಗಳ ವಿಷಯದಲ್ಲಿ ನನ್ನಷ್ಟು ತಿಳಿದವರು ಬಸವೇಶ್ವರನಗರದಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಬಹಳ ಕಾಲ ನಂಬಿದ್ದೆ. ಬಸವೇಶ್ವರನಗರ ದೊಡ್ಡದಾಯಿತು ಅನ್ನುವುದಾದರೆ, ನಮ್ಮ ಕ್ರಾಸಿನಲ್ಲಂತೂ ಇರಲಿಲ್ಲ. ಎದುರು ಮನೆಯವರದು ಟೈಲ್ಸ್ ವ್ಯಾಪಾರ. ಪಕ್ಕದವರು ರಿಟೈರಾದ ಬ್ಯಾಂಕ್ ಗುಮಾಸ್ತರು. ಮೇಲಿನ ಪೋರ್ಷನ್ನಿನವರಿಗೆ ಹಕ್ಕು ಅಂದರೆ ನೀರಿನ ಟ್ಯಾಂಕಿನ ಮೇಲಿನ ಹಕ್ಕು ಮಾತ್ರ. ನಾನೊಬ್ಬನೇ ವಿಜಯನಗರದ ಸಂಜೆ ಲಾ ಕಾಲೇಜೊಂದರಲ್ಲಿ ಪಾಠ ಹೇಳಿ, ಮನೆಗೆ ಬಂದು ಅಂತರರಾಷ್ಟ್ರೀಯ ಅಪರಾಧ ಕಾನೂನಿನ ಬಗ್ಗೆ ಪ್ರಬಂಧ ಬರೆಯುತ್ತಿದ್ದವನು. ಯೂರೋಪಿನಲ್ಲಿ ಯುದ್ಧಾಪರಾಧಿಗಳ ವಿಚಾರಣೆ ಯಾವ ಕ್ರಮದಲ್ಲಿ ನಡೆಯಬೇಕು ಎಂದು ನಾನು ಅಲ್ಲಿನವರಿಗೆ ಸಲಹೆ ಕೊಡುತ್ತಿದ್ದೆ. ಪಶ್ಚಿಮಕ್ಕೆ ನಾನು ಹೋಗಿದ್ದು ಕೆಂಗೇರಿಯವರೆಗೆ.

ಆ ವರ್ಷ ದಸರಾ ಹೊತ್ತಿಗೆ ನನ್ನ ಒಂದು ಪ್ರಬಂಧಕ್ಕೆ ಯೋಗ ಕೂಡಿಬಂತು. ‘ಅಂತರರಾಷ್ಟ್ರೀಯ ನ್ಯಾಯಾಲಯಗಳಲ್ಲಿ ಆರೋಪಿಯ ಹಕ್ಕುಗಳು’ ಅಂತ ಅದರ ಹೆಸರು. ಹೊರದೇಶದ ಪತ್ರಿಕೆಯೊಂದು ಒಪ್ಪಿಕೊಂಡಿತ್ತು. ಆದರೆ ಅಡಿಟಿಪ್ಪಣಿಗಳಲ್ಲಿ ಪುಟಸಂಖ್ಯೆ ಇಲ್ಲ, ಇಂಥ ದಿನದೊಳಗೆ ತುಂಬಿಸಿ ಕಳಿಸಿ ಎಂದು ಸಂಪಾದಕರು ಇಮೇಲ್ ಮಾಡಿದ್ದರು. ಆ ದಿನ ನಮ್ಮ ಆಯುಧಪೂಜೆಗೆ ಬಿತ್ತು. ಅದು ಅವರ ತಪ್ಪಲ್ಲ, ಅವರ ಕ್ಯಾಲೆಂಡರಿನಲ್ಲಿ ಮೂಲಾ ನಕ್ಷತ್ರ ಇರುವುದಿಲ್ಲ.

ನಮ್ಮ ಅತ್ತೆಯ ಕ್ಯಾಲೆಂಡರಿನಲ್ಲಿ ಇತ್ತು. ಅತ್ತೆ ಅಂದರೆ ನನ್ನ ಹೆಂಡತಿ ಸುಮಾಳ ತಾಯಿ. ಪ್ರತಿ ವರ್ಷ ಚಂದ್ರಾ ಲೇಔಟಿನಿಂದ ಬಂದು ನಮ್ಮ ಹಾಲಿನಲ್ಲಿ ಗೊಂಬೆ ಕೂರಿಸುತ್ತಾರೆ. ಮೂಲಾ ನಕ್ಷತ್ರದ ದಿನ ಸರಸ್ವತಿ ಪೂಜೆ. ಅವತ್ತು ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ, ಓದುವ ಹಾಗಂತೂ ಇಲ್ಲವೇ ಇಲ್ಲ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ನನ್ನ ಕೋಣೆಯ ಪುಸ್ತಕಗಳೆಲ್ಲ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಸರಸ್ವತಿ ಪಟದ ಮುಂದೆ ಕೂತಿದ್ದವು.

“ಅತ್ತೆ, ಒಂದೆರಡು ಇಟ್ಟಿದ್ರೆ ಸಾಕಿತ್ತಲ್ವಾ?”

“ಅದೆಂಗಾಗುತ್ತೆ ಅಳಿಯಂದ್ರೇ, ನೀವು ಓದಿರೋದೆಲ್ಲ ಇಡಬೇಕು.”

“ಓದಿರೋದು ಮಾತ್ರ ಇಟ್ಟಿದ್ರೆ ಇಷ್ಟು ಎತ್ತರ ಆಗ್ತಿರಲಿಲ್ಲ ಬಿಡಮ್ಮ,” ಅಂದಳು ಸುಮಾ.

ನನಗೆ ಬೇಕಾಗಿದ್ದು ಒಂದೇ ಪುಸ್ತಕ. ಕೆಂಪು ರಟ್ಟಿನದು, ಇಟ್ಟಿಗೆಯಷ್ಟು ದಪ್ಪ. ಪುಟಸಂಖ್ಯೆಗಳೆಲ್ಲ ಅದರಲ್ಲೇ ಇದ್ದವು. ಅತ್ತೆ ಅದನ್ನೇ ಎಲ್ಲದಕ್ಕಿಂತ ಕೆಳಗೆ ಇಟ್ಟು ಅದರ ಮೇಲೆ ಇಡೀ ನ್ಯಾಯಶಾಸ್ತ್ರವನ್ನು ಪೇರಿಸಿದ್ದರು. ಬಾಯಿಬಿಟ್ಟು ಕೇಳಬಹುದಿತ್ತು. ಆದರೆ ಅತ್ತೆ ಆಗಲೇ ನಾಲ್ಕು ಮನೆಯಲ್ಲಿ ‘ನಮ್ಮ ಅಳಿಯಂದ್ರು ಎಷ್ಟು ಓದಿದ್ರೂ ಆಚಾರ ಬಿಟ್ಟೋರಲ್ಲ’ ಎಂದು ಹೇಳಿಕೊಂಡು ಬಂದಿದ್ದರು. ಆ ಹೆಸರನ್ನು ಉಳಿಸಿಕೊಳ್ಳಬೇಕು, ಪ್ರಬಂಧವನ್ನೂ ಕಳಿಸಬೇಕು. ಇಂಥ ಸಂದರ್ಭದಲ್ಲಿ ವಿದ್ವಾಂಸನಿಗೆ ಉಳಿಯುವ ದಾರಿ ಕಳ್ಳತನ.

ಮಧ್ಯಾಹ್ನ ಅತ್ತೆ, ಸುಮಾ ಇಬ್ಬರೂ ಕುಂಕುಮಕ್ಕೆಂದು ಹೊರಗೆ ಹೋದರು. ನನಗೆ ನಿದ್ದೆ ಬರುತ್ತಿದೆ ಎಂದು ಸಾರಿ ಕೋಣೆ ಸೇರಿಕೊಂಡಿದ್ದೆ. ಹಿತ್ತಲಲ್ಲಿ ನೀಲವ್ವ ಪಾತ್ರೆ ತೊಳೆಯುತ್ತಿದ್ದಳು. ನೀಲವ್ವ ಗದಗಿನ ಕಡೆಯವಳು, ಗಂಡ ಗಾರೆ ಕೆಲಸ ಮಾಡುತ್ತಾನೆ, ಗೋವಿಂದರಾಜನಗರದಲ್ಲಿ ಶೀಟಿನ ಮನೆ. ನಮ್ಮದೂ ಸೇರಿ ನಮ್ಮ ಕ್ರಾಸಿನ ಐದು ಮನೆಗಳಲ್ಲಿ ಕೆಲಸ ಮಾಡುತ್ತಿದ್ದಳು. ನಾನು ಬೆಕ್ಕಿನ ಹೆಜ್ಜೆ ಇಟ್ಟು ಹಾಲಿಗೆ ಬಂದು ಕೆಂಪು ಪುಸ್ತಕ ಎಳೆದೆ. ಪೇರಿಸಿದ್ದೆಲ್ಲ ವಾಲಿತು. ಒಂದು ಕೈಯಲ್ಲಿ ನ್ಯಾಯಶಾಸ್ತ್ರ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ತಡಕಾಡಿದೆ. ಅಷ್ಟೇ ದಪ್ಪದ್ದು ಅಂತ ಸಿಕ್ಕಿದ್ದು ಟೆಲಿಫೋನ್ ಡೈರೆಕ್ಟರಿ. ಬಣ್ಣ ಹಳದಿ. ಬಂದ ಮುತ್ತೈದೆಯರಿಗೆ ಕೊಡಲೆಂದು ಅತ್ತೆ ಮಡಿಸಿಟ್ಟಿದ್ದ ರವಿಕೆ ಕಣಗಳಲ್ಲಿ ಕೆಂಪಗಿನದೊಂದನ್ನು ತೆಗೆದು ಡೈರೆಕ್ಟರಿಗೆ ಸುತ್ತಿ, ಕೆಳಗೆ ತುರುಕಿ, ಒಂದು ಸೇವಂತಿಗೆ ಹೂವನ್ನೂ ಇಟ್ಟೆ. ನೋಡಿದರೆ ನನಗೇ ಕೈಮುಗಿಯುವ ಹಾಗಾಯಿತು.

ಎರಡು ದಿನ ಟೆಲಿಫೋನ್ ಡೈರೆಕ್ಟರಿಗೆ ಮಂಗಳಾರತಿ ಆಯಿತು. ಗಂಟೆ ಬಾರಿಸಿದವನು ನಾನೇ.

ಮೂರನೆಯ ದಿನ, ಆಯುಧಪೂಜೆಯ ಬೆಳಿಗ್ಗೆ, ಎದುರು ಮನೆಯ ಟೈಲ್ಸ್ ಆಂಟಿ ಕುಂಕುಮಕ್ಕೆ ಬಂದರು. ಅವರಿಗೆಂದೇ ತೆಗೆದಿಟ್ಟಿದ್ದ ಕೆಂಪು ರವಿಕೆ ಕಣ ಅತ್ತೆಗೆ ಸಿಗಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಪುಸ್ತಕಗಳ ಕೆಳಗೆ ಅದರ ಅಂಚು ಕಂಡಿತು. ಎಳೆದರು. ಸರಸ್ವತಿಯ ಎದುರಿಗೆ ಬೆಂಗಳೂರಿನ ಸಮಸ್ತ ನಾಗರಿಕರ ಫೋನ್ ನಂಬರುಗಳು ಹರಡಿಕೊಂಡವು.

“ಅಯ್ಯೋ, ದೇವರ ಮುಂದಿನ ಪುಸ್ತಕ ಕದ್ದವ್ರೆ ಕಣೇ ಸುಮಾ,” ಅಂದರು ಅತ್ತೆ. ತಕ್ಷಣ ತನಿಖೆಯನ್ನೂ ಮುಗಿಸಿದರು. “ನಾವು ಹೊರಗಡೆ ಹೋದಾಗ ಮನೇಲಿದ್ದಿದ್ದು ಇಬ್ರೇ. ಒಬ್ರು ಅಳಿಯಂದ್ರು, ಪಾಪ ಮಲಗಿದ್ರು.”

ಆ ಲೆಕ್ಕದಲ್ಲಿ ಉಳಿದವಳು ನೀಲವ್ವ.

“ಹಳೇ ಪೇಪರ್ ಅಂಗಡಿಗೆ ಹಾಕೋಕೆ ಕದಿಯೋಳು ಡೈರೆಕ್ಟರಿಗೆ ಸೀರೆ ಉಡಿಸಿದ ಹಾಗೆ ಬಟ್ಟೆ ಯಾಕಮ್ಮ ಸುತ್ತುತ್ತಾಳೆ?” ಎಂದು ಸುಮಾ ಕೇಳಿದಳು. ಕೇಳಿದ್ದು ಅಮ್ಮನನ್ನು, ನೋಡಿದ್ದು ನನ್ನನ್ನು. ಟೈಲ್ಸ್ ಆಂಟಿ ಮಾತ್ರ, “ನಮ್ಮನೆಗೂ ಅವಳೇ ಬರೋದು, ಇವತ್ತೇ ಬಿಡಿಸ್ಬಿಡ್ತೀನಿ,” ಎಂದು ರವಿಕೆ ಕಣ ತಗೊಂಡು ಹೊರಟರು.

ಆಗಲೇ ಹೇಳಬೇಕಿತ್ತು. ನಾನು ಕೋಣೆಗೆ ಹೋದೆ. ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು ಎಂಬುದು ನಾಗರಿಕ ಜಗತ್ತು ಒಪ್ಪಿದ ತತ್ವ. ಅದರ ಪುಟಸಂಖ್ಯೆಯೊಂದು ಬಾಕಿ ಇತ್ತು, ಟೈಪ್ ಮಾಡಿದೆ. ಆಮೇಲೆ ಪುಸ್ತಕವನ್ನು ಹಾಸಿಗೆಯ ಕೆಳಗೆ ತಳ್ಳಿದೆ.

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದರು. “ಅಳಿಯಂದ್ರೇ, ನೀವು ಲಾ ಓದಿದೋರು. ನೀವೇ ಒಂದ್ಸಲ ವಿಚಾರಿಸಿಬಿಡಿ.”

ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶ ಆಗಬಾರದು ಎಂಬುದು ಮೊದಲ ವರ್ಷದ ಪಾಠ. ಅದನ್ನು ಹದಿನಾಲ್ಕು ಸಲ ಹೇಳಿಕೊಟ್ಟಿರುವ ನಾನು ಹೋಗಿ ಹಾಲಿನ ಬೆತ್ತದ ಕುರ್ಚಿಯಲ್ಲಿ ಕೂತೆ. ನೀಲವ್ವ ಪೊರಕೆ ಹಿಡಿದುಕೊಂಡೇ ಬಂದು ನಿಂತಳು. ಮುಖ ಕೆಂಪಗಾಗಿತ್ತು.

“ನಾ ತಗೊಂಡಿದ್ದು ಯಾರ್ ನೋಡ್ಯಾರ್ರೀ?” ಅಂದಳು.

ಅತ್ತೆ ಸರಸ್ವತಿ ಪಟದ ಹೂವನ್ನು ಸರಿಮಾಡಿದರು.

“ನನಗ ಓದಾಕ ಬರಂಗಿಲ್ಲ. ಓದಾಕ ಬರದಾಕಿ ಪುಸ್ತಕ ಒಯ್ದು ಏನ್ ಮಾಡ್ಲಿ? ಕಳ್ಳಿ ಅನ್ನೂಕಿಂತ ಮೊದಲ ನನ್ನ ಒಂದ್ ಮಾತರ ಕೇಳೀರೇನ್ರೀ?”

ಸಾಕ್ಷ್ಯ, ಉದ್ದೇಶ, ಅಹವಾಲು ಕೇಳಿಸಿಕೊಳ್ಳುವ ಹಕ್ಕು. ನಾನು ಮೂವತ್ತು ಪುಟದಲ್ಲಿ ಹೇಳಿದ್ದನ್ನು ಅವಳು ಪೊರಕೆ ಕೆಳಗಿಡದೆ ಹೇಳಿ ಮುಗಿಸಿದ್ದಳು. ಇಂಥ ಅವಕಾಶ ಬಿಡಬಾರದು ಎಂದು ನಾನು ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟೆ: “ಆರೋಪ ರುಜುವಾತಾಗಿಲ್ಲ. ಆದ್ದರಿಂದ ನೀಲವ್ವನಿಗೆ ಸಂಶಯದ ಲಾಭ ಕೊಟ್ಟು ಬಿಟ್ಟುಬಿಡೋಣ.”

ಕಾಲಿಗೆ ಬೀಳುತ್ತಾಳೆ ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ.

“ನಿಮ್ಮ ಸಂಶಯದ ಲಾಭ ನನಗ ಬ್ಯಾಡ್ರಿ,” ಅಂದಳು ನೀಲವ್ವ. “ಬಿಟ್ಟೀವಿ ಅಂದ್ರ ಮಾಡ್ಯಾಳ, ಆದ್ರೂ ಬಿಟ್ಟೀವಿ ಅಂದಂಗಾತು. ಆ ಆಂಟಿ ಆಗ್ಲೇ ನನ್ನ ಬಿಡಿಸ್ಯಾರ. ನಾಳೆ ಉಳದ ಮನ್ಯಾಗೂ ಕಳ್ಳಿ ಅಂತಾರ. ನಾ ಉಣ್ಣೂದು ಹ್ಯಾಂಗ್ರಿ? ತಗೊಂಡಿಲ್ಲ ಅಂದ್ರ ತಗೊಂಡಿಲ್ಲ. ಪುಸ್ತಕ ಹುಡುಕ್ರಿ.”

“ಎಲ್ಲಿ ಅಂತ ಹುಡುಕೋದು?” ಅಂದರು ಅತ್ತೆ.

ನೀಲವ್ವ ನನ್ನ ಕಡೆ ತಿರುಗಿದಳು. “ಸಾಹೇಬ್ರ, ನಿಮ್ಮ ಕಂಪ್ಯೂಟರಿನ ಗುಂಡಿ ಮ್ಯಾಲೆ ಅರಿಷಿಣ ಹ್ಯಾಂಗ ಬಂತ್ರಿ?”

ಸುಮಾ ಎದ್ದು ಕೋಣೆಗೆ ಹೋದಳು. ಹೋದಷ್ಟೇ ಬೇಗ ವಾಪಸ್ ಬಂದಳು. ಒಂದು ಕೈಯಲ್ಲಿ ಕೀಬೋರ್ಡು, ಇನ್ನೊಂದರಲ್ಲಿ ಕೆಂಪು ಪುಸ್ತಕ. ಕೀಬೋರ್ಡಿನ ಮೇಲೆ ನನ್ನ ಬೆರಳುಗಳು ಎಲ್ಲೆಲ್ಲಿ ಓಡಾಡಿದ್ದವೋ ಅಲ್ಲೆಲ್ಲ ಹಳದಿ. ಅತ್ತೆ ಪುಸ್ತಕವನ್ನು ನೋಡಿದರು, ನನ್ನನ್ನು ನೋಡಿದರು, ಗೊಂಬೆಗಳ ಕಡೆ ತಿರುಗಿ ಕೂತುಬಿಟ್ಟರು.

“ನಿಂಗೆ ಯಾವಾಗ ಗೊತ್ತಾಯ್ತು?” ಎಂದು ಸುಮಾ ನೀಲವ್ವನನ್ನು ಕೇಳಿದಳು.

“ನಿನ್ನೆ ಒರಸೂ ಮುಂದ ನೋಡೀನ್ರಿ. ಓದವ್ರು ಓದ್ಲಿ, ನನಗ್ಯಾಕ ಅಂತ ಸುಮ್ನಿದ್ದೆ.”

“ಮತ್ತೆ ಇವತ್ತು ಬಂದ ತಕ್ಷಣ ಯಾಕೆ ಹೇಳ್ಲಿಲ್ಲ?”

“ಸಾಹೇಬ್ರ ತಾವ ಹೇಳ್ತಾರ ಅಂತ ಕಾದ್ನಿರಿ.”

ನನಗೆ ನಿಜವಾಗಿ ನಾಚಿಕೆಯಾಯಿತು. ಇಷ್ಟು ಹೊತ್ತು ಅವಳು ನನಗೆ ಸಮಯ ಕೊಟ್ಟಿದ್ದಳು, ನಾನು ಅವಳಿಗೆ ತೀರ್ಪು ಕೊಟ್ಟಿದ್ದೆ. “ತಪ್ಪಾಯ್ತು ನೀಲವ್ವ,” ಅಂದೆ. ಕುರ್ಚಿಯಲ್ಲಿ ಕೂತೇ ಅಂದೆ ಎಂದು ಸುಮಾ ಕಣ್ಣು ಬಿಟ್ಟಳು. ಎದ್ದು ನಿಂತು ಇನ್ನೊಮ್ಮೆ ಅಂದೆ.

“ನನಗ ಹೇಳಿದ್ರ ಏನ್ ಬಂತ್ರಿ, ನಾಕೂ ಮನ್ಯಾಗ ಹೇಳ್ರಿ,” ಅಂದಳು ನೀಲವ್ವ.

ಹೋದೆ. ಕದ್ದವನು ನಾನು, ನೀಲವ್ವ ಅಲ್ಲ ಎಂದು ಮನೆ ಮನೆಗೆ ಹೋಗಿ ಹೇಳಿದೆ. ಅವಳು ಪ್ರತಿ ಗೇಟಿನ ಹೊರಗೆ ನಿಂತು ಕೇಳಿಸಿಕೊಂಡಳು. ಟೈಲ್ಸ್ ಆಂಟಿ ಕೆಲಸಕ್ಕೆ ವಾಪಸ್ ಕರೆದರು, ಆದರೆ ಅವತ್ತಿನಿಂದ ನಾನು ಹೋದರೆ ಟೀಪಾಯಿ ಮೇಲಿನ ಪೇಪರನ್ನು ಒಳಗೆ ಎತ್ತಿಡುತ್ತಾರೆ. ಬ್ಯಾಂಕ್ ಗುಮಾಸ್ತರಿಗೆ ವಿಷಯವೇ ಗೊತ್ತಿರಲಿಲ್ಲ, ನಾನೇ ಹೋಗಿ ತಿಳಿಸಿದಂತಾಯಿತು. ಅವರು ಬಹಳ ಯೋಚಿಸಿ, “ನಿಮ್ಮದೇ ಪುಸ್ತಕವನ್ನ ನಿಮ್ಮದೇ ಮನೇಲಿ ಕದ್ದು ಸಿಕ್ಕಿಬಿದ್ರಾ?” ಎಂದು ಕೇಳಿ, ಒಂದು ದೊನ್ನೆ ಕೋಸಂಬರಿ ಕೊಟ್ಟರು. ಮಿಕ್ಕ ಎರಡು ಮನೆಯಲ್ಲಿ ಕೋಸಂಬರಿಯೂ ಸಿಗಲಿಲ್ಲ.

ಅಲ್ಲಿಂದ ಸೈಬರ್ ಸೆಂಟರಿಗೆ ಓಡಿದೆ. ಕುಂಬಳಕಾಯಿ ಒಡೆದು ಶಟರ್ ಎಳೆಯುತ್ತಿದ್ದವನನ್ನು ಕಾಡಿ ಬೇಡಿ ಪ್ರಬಂಧ ಕಳಿಸಿದೆ. ಕಳಿಸುವ ಮೊದಲು ಸಂಶಯದ ಲಾಭದ ಬಗ್ಗೆ ನೀಲವ್ವ ಅಂದದ್ದನ್ನು ಕೊನೆಗೆ ಒಂದು ಪ್ಯಾರಾ ಮಾಡಿ ಸೇರಿಸಿದೆ.

ವಿಜಯದಶಮಿಯ ದಿನ ನೀಲವ್ವ ಎಲ್ಲರಿಗೂ ಬನ್ನಿ ಎಲೆ ಕೊಟ್ಟು, “ಬಂಗಾರದ್ಹಂಗ ಇರೂಣ್ರಿ,” ಅಂದಳು. ನನಗೂ ಕೊಟ್ಟಳು. ಅತ್ತೆ ಅವಳಿಗೆ ಅರಿಶಿನ ಕುಂಕುಮ, ರವಿಕೆ ಕಣ ಕೊಟ್ಟು ಕೈಹಿಡಿದು ತಪ್ಪಾಯಿತು ಅಂದರು. ನೀಲವ್ವ ಕಣ್ಣೊರೆಸಿಕೊಂಡಳು. ಎಲ್ಲ ಮುಗಿದು ಪೊರಕೆ ಎತ್ತಿಕೊಂಡವಳು ನನ್ನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದಳು: “ಈ ಕ್ವಾಣಿ ನಾ ಗುಡಸಂಗಿಲ್ರಿ. ನಾಳೆ ಮತ್ತೇನರ ಕಳದ್ರ?” ಅತ್ತೆ, ಸುಮಾ ಇಬ್ಬರೂ ಅದೇ ಸರಿ ಅಂದರು.

ಐದಾರು ತಿಂಗಳ ಮೇಲೆ ಪತ್ರಿಕೆ ಅಚ್ಚಾಗಿ ಬಂತು. ಪ್ರಬಂಧದಲ್ಲಿ ಕೊನೆಯ ಪ್ಯಾರಾ ಒಂದೇ ಹೊಸದು ಎಂದು ಸಂಪಾದಕರು ಬರೆದಿದ್ದರು. ನಾನು ಉಬ್ಬಿಹೋಗಿ, ಬಾಗಿಲಾಚೆ ಹಾಲಿನ ನೆಲ ಒರೆಸುತ್ತಿದ್ದ ನೀಲವ್ವನನ್ನು ಕರೆದು ಆ ಪುಟ ತೋರಿಸಿದೆ. “ನೋಡು, ಇದು ನೀನು ಹೇಳಿದ ಮಾತು. ಪ್ರಪಂಚದ ದೊಡ್ಡ ದೊಡ್ಡ ಜಡ್ಜುಗಳು ಓದ್ತಾರೆ.”

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು.

“ಪುಸ್ತಕ ಕದ್ದವ್ರು ಯಾರು ಅಂತ ಬರದೀರೇನ್ರಿ?”

“ಅದು... ಸಂಶೋಧನೆಯಲ್ಲಿ ಹೆಸರು ಗುಟ್ಟಾಗಿಡೋ ಪದ್ಧತಿ ಇದೆ.”

“ಹಂಗಾರ ಇನ್ನೊಂದ್ ವರ್ಷ ನೀವ ಗುಡಸ್ರಿ,” ಎಂದು ಪೊರಕೆಯನ್ನು ನನ್ನ ಕೋಣೆಯ ಬಾಗಿಲಿಗೆ ಒರಗಿಸಿಟ್ಟು ಹೋದಳು.

ಗುಡಿಸುತ್ತಿದ್ದೇನೆ.