ಪರಪ್ಪ ಗೀಜರ್ ಕೂಡಿಸಿದ ದಿನ

ಭರಮವ್ವ ಬಕೆಟ್ಟಿನಲ್ಲಿ ಮೊಣಕೈವರೆಗೆ ಕೈ ಇಳಿಸಿ, ಹೊರಗೆ ತೆಗೆದು, ಕೈ ಒಂದಿಷ್ಟೂ ಕೆಂಪಾಗಿಲ್ಲವೆಂದು ಪರಪ್ಪನಿಗೆ ತೋರಿಸಿದಳು. ಇಂಥ ನೀರಿನಲ್ಲಿ ತಾನು ಎಮ್ಮೆಯನ್ನೂ ತೊಳೆಯುವುದಿಲ್ಲ, ಇನ್ನು ಇಪ್ಪತ್ತೆರಡು ದಿನದ ಬಾಣಂತಿಗೆ ಎರೆಯುವುದು ದೂರ ಉಳಿಯಿತು ಎಂದಳು. ಧುಪದಾಳದ ಅರ್ಧ ಊರಿನ ಬಾಣಂತಿಯರಿಗೆ ನೀರೆರೆದ ಕೈ ಅದು. ಆ ಕೈ ಕೊಟ್ಟ ತೀರ್ಪಿಗೆ ಮೇಲೊಂದು ಕೋರ್ಟು ಇರಲಿಲ್ಲ.

ನಾಲ್ಕು ದಿನದಿಂದ ಹೀಗೇ ನಡೆದಿತ್ತು. ಗೀಜರಿನ ಕೆಂಪು ದೀಪ ಹತ್ತುತ್ತಿತ್ತು, ಆರುತ್ತಿತ್ತು, ನೀರು ಮಾತ್ರ ಉಗುರುಬೆಚ್ಚಗೆ ಬರುತ್ತಿತ್ತು.

ಪರಪ್ಪನ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಒಬ್ಬಳೇ ಮಗಳು ಮೇಘಾಳ ಚೊಚ್ಚಲ ಬಾಣಂತನ ತಾಯಿಯಿಲ್ಲದ ಮನೆಯಲ್ಲಿ ಹೇಗೆ ಆದೀತೆಂದು ಹುಕ್ಕೇರಿಯ ಬೀಗರು ಒಪ್ಪಿರಲಿಲ್ಲ. ಪರಪ್ಪ ಕೈಮುಗಿದು ಕೇಳಿಕೊಂಡ ಮೇಲೆ, ಐದು ತಿಂಗಳ ಮಟ್ಟಿಗೆ ಎಂದು ಕಳಿಸಿದ್ದರು. ಅಂದಿನಿಂದ ಅವನು ತಾಯಿಗಿಂತ ಒಂದು ಕೈ ಮೇಲಾಗಲು ಹೊರಟಿದ್ದ. ಅಂಟಿನುಂಡೆ ಕಟ್ಟಿಸಿದ, ಹೊರಸಿನ ಕೆಳಗೆ ಕೆಂಡ ಇಡಿಸಿದ, ನೀರು ಇನ್ನೂ ಕಾಯಲಿ ಇನ್ನೂ ಕಾಯಲಿ ಎಂದು ಭರಮವ್ವನಿಗಿಂತ ಮೊದಲು ತಾನೇ ಕೂಗಿದ. ಕೂಸು ಅತ್ತರೆ ಬೇರೆಯವರಿಗೆ ತಲೆನೋವು ಬಂದೀತು, ಅವನಿಗೆ ತನ್ನ ಮನೆ ಮತ್ತೆ ಮನೆಯಾಯಿತು ಅನ್ನಿಸುತ್ತಿತ್ತು. ಐದು ತಿಂಗಳು ಮಗಳೂ ಮೊಮ್ಮಗನೂ ಇಲ್ಲಿರುತ್ತಾರೆ ಎಂಬುದಕ್ಕಿಂತ ದೊಡ್ಡ ಸುಖ ಅವನ ಪಾಲಿಗೆ ಉಳಿದೂ ಇರಲಿಲ್ಲ.

ಆದರೆ ಭರಮವ್ವನ ತಂಗಿಯನ್ನು ಹುಕ್ಕೇರಿಗೆ ಕೊಟ್ಟಿತ್ತು. ತಣ್ಣೀರಿನ ಸುದ್ದಿ ಮೊದಲನೇ ಬಸ್ಸಿಗಿಂತ ಮುಂಚೆ ಅಲ್ಲಿಗೆ ಮುಟ್ಟಿತು. ಸಂಜೆಗೆ ಬೀಗತಿ ಅನ್ನಪೂರ್ಣಾಬಾಯಿಯ ಫೋನು ಬಂತು.

"ಬೀಗರ, ನನ್ನ ಸೊಸಿಗೆ ತಣ್ಣೀರ ಎರದು ವಾಯು ಹಿಡಸ್ತೀರೇನು? ನಾಳಿ ಮಧ್ಯಾಹ್ನ ನಾನ ಬಂದು ನೋಡ್ತೀನಿ. ನೀರ ಸರಿ ಇರಲಿಲ್ಲ ಅಂದ್ರ ತಾಯಿ ಕೂಸು ಇಬ್ಬರನ್ನೂ ಕರ್ಕೊಂಡ ಬರ್ತೀನಿ."

ಪರಪ್ಪ ಆಗಲೇ ಗೋಕಾಕಿಗೆ ಓಡಿದ. ಅಂಗಡಿಯವನು ಬಾಗಿಲು ಎಳೆಯುವ ಹೊತ್ತಿಗೆ ಇಪ್ಪತ್ತೈದು ಲೀಟರಿನ ಹೊಸ ಗೀಜರ್ ಕೊಂಡು, ಬಸ್ಸಿನಲ್ಲಿ ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದ. ಆದರೆ ಕೂಡಿಸುವವರು ಯಾರು? ಊರಿಗೆ ಇದ್ದ ಒಬ್ಬನೇ ಫಿಟ್ಟರು ತೌಫೀಕ ಮೂಡಲಗಿಯಲ್ಲಿ ದೊಡ್ಡ ಕೆಲಸ ಹಿಡಿದಿದ್ದ. ನಾಡಿದ್ದು ಬರುತ್ತೇನೆ, ಅಲ್ಲಿಯವರೆಗೆ ಅದಕ್ಕೆ ಕೈ ಹಚ್ಚಬೇಡಿ ಕಾಕಾ ಎಂದು ಫೋನಿನಲ್ಲಿ ಬೇಡಿಕೊಂಡ. ಆ ಎರಡನೆಯ ಮಾತು ಪರಪ್ಪನಿಗೆ ನಾಟಿತು. ಇಪ್ಪತ್ತೆಂಟು ವರ್ಷ ಹೊಳೆಗೆ ಕಟ್ಟಿದ ಬಂದಾರಿನ ಮೇಲೆ ನಿಂತು ಗೇಟು ಎತ್ತಿ ಇಳಿಸಿದವನು ತಾನು. ಮಳೆಗಾಲದ ಘಟಪ್ರಭೆಯನ್ನೇ ಹಿಡಿದು ನಿಲ್ಲಿಸಿದವನಿಗೆ ಇಪ್ಪತ್ತೈದು ಲೀಟರು ಯಾವ ಲೆಕ್ಕ ಎಂದುಕೊಂಡ.

ಬೆಳಿಗ್ಗೆ ಅವನು ನಟ್ಟು ಬಿಚ್ಚುವ ಪಾನಾ ಹಿಡಿದು ಬಚ್ಚಲಿಗೆ ಹೊರಟಾಗ ಮೇಘಾ ಕೂಸಿಗೆ ಹಾಲು ಕುಡಿಸುತ್ತ ಕೂತಿದ್ದಳು. ಹೊಸದು ಯಾಕೆ, ಈಗ ಬರುವ ನೀರೇ ಸಾಕು ಎಂದಳು. ಅಪ್ಪನ ಕಷ್ಟ ನೋಡಲಾರದೆ ಹಾಗೆ ಅನ್ನುತ್ತಾಳೆಂದು ಪರಪ್ಪನ ಕಣ್ಣು ಒದ್ದೆಯಾಯಿತು. ನಿಮ್ಮವ್ವ ಇದ್ದಿದ್ದರೆ ಕುದಿಯುವ ನೀರು ಎರೆಯುತ್ತಿದ್ದಳು, ನಾನಿರುವಾಗ ನಿನಗೆ ಯಾವ ಕೊರತೆಯೂ ಇಲ್ಲ ಎಂದು ಎದೆ ಉಬ್ಬಿಸಿ ಹೇಳಿದ. ಮೇಘಾ ಮತ್ತೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಾಜೂ ಮನೆಯ ಅಪ್ಪಣ್ಣ ಮಾಸ್ತರರು ಒಳಗೆ ಬಂದರು.

ಮಾಸ್ತರರು ಕನ್ನಡ ಸಾಲೆಯಲ್ಲಿ ಮೂವತ್ತು ವರ್ಷ ಎಲ್ಲ ವಿಷಯ ಕಲಿಸಿದವರು. ಆದ್ದರಿಂದ ಯಾವ ವಿಷಯವೂ ತಮಗೆ ತಿಳಿಯದೆಂದು ಅವರಿಗೆ ಅನ್ನಿಸುತ್ತಿರಲಿಲ್ಲ. ಒಂದು ಸ್ಟೂಲು ತರಿಸಿಕೊಂಡು ಬಚ್ಚಲ ಬಾಗಿಲಲ್ಲಿ ಕೂತರು. ಮೊದಲು ಕರೆಂಟು ತೆಗೆಯಬೇಕೆಂದರು. ಪರಪ್ಪ ಮೇನ್ ಸ್ವಿಚ್ಚೇ ಇಳಿಸಿದ. ಫ್ಯಾನು ನಿಂತಿತು, ಕೂಸು ಕಿರುಚತೊಡಗಿತು. ಹಳೇ ಗೀಜರಿನೊಳಗೆ ನೀರು ಇರುತ್ತದೆಂಬುದನ್ನು ಮಾತ್ರ ಇಬ್ಬರೂ ಮರೆತಿದ್ದರು. ಪೈಪು ಸಡಿಲಾದದ್ದೇ ತಡ, ನೀರು ಪರಪ್ಪನ ತಲೆಯ ಮೇಲೆ ಇಳಿದು ಲುಂಗಿಯಿಂದ ಹರಿದು ಮಾಸ್ತರರ ಚಪ್ಪಲಿಯನ್ನು ಮೋರಿಯವರೆಗೆ ಒಯ್ದಿತು. ಮಾಳಿಗೆಯ ಟಾಕಿಯ ವಾಲ್ ಮುಚ್ಚಲು ಮೇಲೆ ಹತ್ತಿದರೆ, ಅದು ಮುಚ್ಚುವ ದಿಕ್ಕಿಗೂ ತಿರುಗುತ್ತಿತ್ತು, ತೆರೆಯುವ ದಿಕ್ಕಿಗೂ ತಿರುಗುತ್ತಿತ್ತು, ನೀರಿಗೆ ಅದರ ಪರಿವೆಯೇ ಇರಲಿಲ್ಲ. ಕೊನೆಗೆ ಪರಪ್ಪ ಟಾಕಿಯೊಳಗೆ ಕೈ ಹಾಕಿ, ಪೈಪಿನ ಬಾಯಿಗೆ ತನ್ನ ಬನಿಯನ್ ತುರುಕಿದ.

ಗೋಡೆಯ ಹಳೇ ಬೋಲ್ಟುಗಳು ಹೊಸ ಗೀಜರಿಗೆ ಹೊಂದಲಿಲ್ಲ. ಮಾಸ್ತರರು ಮನೆಯಿಂದ ಡ್ರಿಲ್ ತಂದುಕೊಟ್ಟರು. ಮತ್ತೆ ಕರೆಂಟು ಹಚ್ಚಿ ಮೊದಲ ತೂತು ಕೊರೆದಾಗ ಹಿಡಿ ಗಾರೆ ಉದುರಿತು. ಎರಡನೆಯದಕ್ಕೆ ಬುಟ್ಟಿಯಷ್ಟು ಉದುರಿ ಇಟ್ಟಿಗೆ ಹಲ್ಲು ತೋರಿಸಿತು. ಮೂರನೆಯದು ನಿಂತಿತು. ಪರಪ್ಪ ಗೀಜರನ್ನು ತಬ್ಬಿಕೊಂಡು ಎತ್ತಿ ಹಿಡಿದ, ಮಾಸ್ತರರು ಕೂತಲ್ಲಿಂದಲೇ ಎಡಕ್ಕೆ, ಬಲಕ್ಕೆ, ಸ್ವಲ್ಪ ಮೇಲಕ್ಕೆ ಎಂದು ಪಾಠ ಹೇಳಿದರು.

ಗೀಜರಿನ ಕೆಳಗೆ ಎರಡು ಬಾಯಿ. ಒಂದಕ್ಕೆ ಕೆಂಪು ಬಳೆ, ಒಂದಕ್ಕೆ ನೀಲಿ. ಯಾವುದರಿಂದ ನೀರು ಒಳಗೆ ಬರಬೇಕು ಎಂದು ಮಾಸ್ತರರು ಯೋಚನೆಗೆ ಬಿದ್ದರು. ಪರಪ್ಪನಿಗೆ ಯೋಚನೆಯೇ ಬೇಕಾಗಲಿಲ್ಲ. ಬಂದಾರಿನಲ್ಲಿ ಹೊಳೆ ಬಂದು ಒತ್ತುವ ಕಡೆಗೆ ಕೆಂಪು ಗೆರೆ ಇರುತ್ತಿತ್ತು, ನೀರು ಅದನ್ನು ಮುಟ್ಟಿದರೆ ಗೇಟು ಎತ್ತಬೇಕು. ಜೀವಮಾನವಿಡೀ ಆ ಗೆರೆ ನೋಡಿದವನಿಗೆ ಕೆಂಪು ಅಂದರೆ ಬರುವ ನೀರು. ಟಾಕಿಯ ಪೈಪನ್ನು ಕೆಂಪಿಗೆ ಬಿಗಿದ, ನಲ್ಲಿಯ ಪೈಪನ್ನು ನೀಲಿಗೆ ಬಿಗಿದ, ಬನಿಯನ್ ಕಿತ್ತು ನೀರು ಬಿಟ್ಟು ಸ್ವಿಚ್ ಒತ್ತಿದ. ದೀಪ ಹತ್ತಿತು. ಅರ್ಧ ತಾಸು ಕಾಯ್ದು ನಲ್ಲಿ ತಿರುವಿದರೆ ನೀರು ಹಳೇ ಗೀಜರಿನದಕ್ಕಿಂತ ತಣ್ಣಗೆ ಬಂತು.

ಹೊರಗೆ ಕಾರಿನ ಹಾರ್ನು ಕೇಳಿಸಿತು.

ಪರಪ್ಪ ಪಾನಾ ಕೆಳಗಿಟ್ಟ. ಮಗಳ ಕೋಣೆಯ ಬಾಗಿಲಿನಲ್ಲಿ ತೂಗುತ್ತಿದ್ದ ಕೂಸಿನ ಕುಲಾಯಿ ನೋಡಿದ. ನಾಳೆ ಅದು ಅಲ್ಲಿರುವುದಿಲ್ಲ ಎಂದು ಎನಿಸಿತು. ಅವನನ್ನು ಉಳಿಸಿದವಳು ಹಿತ್ತಲ ಆಚೆಯ ಶಹನಾಜಬಿ. ಅವಳ ಮನೆಯಲ್ಲಿ ನಡುವೆ ಬೆಂಕಿ ಹಾಕಿ ನೀರು ಕಾಯಿಸುವ ತಾಮ್ರದ ಬಂಬ ಇತ್ತು. ಬೆಳಗಿನಿಂದ ಗೋಡೆಯ ಮೇಲಿಂದ ಈ ಆಟ ನೋಡಿದ್ದ ಅವಳು, ಯಾರೂ ಕೇಳುವ ಮೊದಲೇ ಅದರ ತುಂಬ ನೀರು ಕುದಿಸಿಟ್ಟಿದ್ದಳು. ಕೊಡ ಗೋಡೆ ದಾಟಿಸುವುದು ಅವಳ ಪಾಲು, ಅಲ್ಲಿಂದ ಬಚ್ಚಲ ಕಿಟಕಿಯವರೆಗೆ ಹೊರುವುದು ಮಾಸ್ತರರ ಪಾಲು, ಒಳಗೆ ಇಳಿಸಿಕೊಂಡು ಎರೆಯುವುದು ಆಗಷ್ಟೇ ಬಂದ ಭರಮವ್ವನ ಪಾಲು ಎಂದಾಯಿತು. ಭರಮವ್ವ ಒಂದೇ ಷರತ್ತು ಹಾಕಿದಳು. ಗೀಜರ್ ಎಂಬುದೇ ಸುಳ್ಳು ಸಾಮಾನು ಎಂದು ಪರಪ್ಪ ತನ್ನ ಬಾಯಿಂದ ಹೇಳಬೇಕು. ಪರಪ್ಪ ಹೇಳಿದ.

ಅನ್ನಪೂರ್ಣಾಬಾಯಿ ಬಂದವಳೇ ಕೈಕಾಲು ತೊಳೆಯದೆ ಬಚ್ಚಲ ಮುಂದೆ ನಿಂತಳು. ಬಾಗಿಲ ಮೇಲಿನ ಸಂದಿಯಿಂದ ಹೊಸ ಗೀಜರಿನ ಕೆಂಪು ದೀಪ ಕಾಣುತ್ತಿತ್ತು. ಬಾಗಿಲ ಕೆಳಗಿನಿಂದ ಇಡ್ಲಿ ಪಾತ್ರೆಯಂತೆ ಹಬೆ ಬರುತ್ತಿತ್ತು. ಒಳಗೆ ಚೊಂಬಿನ ಮೇಲೆ ಚೊಂಬು ಬೆನ್ನಿಗೆ ಬಡಿಯುವ ಸದ್ದು, ನಡುನಡುವೆ ಮೇಘಾ ಹಲ್ಲು ಕಚ್ಚಿ ಉಸಿರೆಳೆಯುವುದು ಕೇಳುತ್ತಿತ್ತು. ಸುಖಕ್ಕೆ ಹಾಗೆ ಮಾಡುತ್ತಾಳೆಂದು ಭರಮವ್ವ ಒಳಗಿನಿಂದಲೇ ವಿವರಿಸಿದಳು. ಅತ್ತ ಹಿತ್ತಲಲ್ಲಿ ಮಾಸ್ತರರು ಏಳನೇ ಕೊಡ ಹೊತ್ತು ಏದುಸಿರು ಬಿಡುತ್ತಿದ್ದರು.

ಅನ್ನಪೂರ್ಣಾಬಾಯಿಯ ಮುಖ ಸಡಿಲಾಯಿತು. ಯಾರು ಕೂಡಿಸಿದರು ಎಂದು ಕೇಳಿದಳು. ನಾನೇ ಎಂದ ಪರಪ್ಪ, ನೆಲ ನೋಡುತ್ತ. ಅವಳು ಅವನ ಒದ್ದೆ ಲುಂಗಿಯನ್ನೂ ಗಾರೆ ಮೆತ್ತಿದ ತಲೆಯನ್ನೂ ನೋಡಿದಳು. ಗಂಡಸಾಗಿ ಇಷ್ಟು ಮಾಡುವವರನ್ನು ತಾನು ಕಂಡಿಲ್ಲ, ಸಿಟ್ಟಿನಲ್ಲಿ ಏನೋ ಅಂದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಳು.

"ಐದು ತಿಂಗಳಲ್ಲ, ಆರು ತಿಂಗಳ ಇರಲಿ ಬಿಡ್ರಿ. ನಮಗೇನೂ ಅವಸರಿಲ್ರಿ ಬೀಗರ."

ಹೆಂಡತಿ ಸತ್ತ ಮೇಲೆ ಇಷ್ಟು ಸಂತೋಷ ಪರಪ್ಪನಿಗೆ ಆಗಿರಲಿಲ್ಲ. ಒಳಗೆ ಹೋಗಿ ಚಹಾಕ್ಕೆ ಇಟ್ಟ. ಸಕ್ಕರೆ ಎರಡು ಸಲ ಹಾಕಿದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಚಹಾ ತಂದಾಗ ಮೇಘಾ ತಲೆಗೆ ಬಟ್ಟೆ ಸುತ್ತಿಕೊಂಡು ಹೊರಸಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅವಳ ಚೀಲ ಕಟ್ಟಿ ಇಟ್ಟಿತ್ತು, ಕುಲಾಯಿಯೂ ಬಾಗಿಲಿನಲ್ಲಿ ಇರಲಿಲ್ಲ.

"ಅತ್ತಿ, ನಾನೂ ನಿಮ್ಮ ಕೂಡ ಬರ್ತೀನ್ರಿ. ಇವತ್ತ."

ಅನ್ನಪೂರ್ಣಾಬಾಯಿ ಬೆಪ್ಪಾದಳು. ಈಗ ಪರಪ್ಪನ ಪರವಾಗಿ ಅವಳೇ ವಾದಿಸಬೇಕಾಯಿತು. ಇಂಥ ಅಪ್ಪ, ಇಂಥ ಕಾದ ನೀರು ಯಾರಿಗೆ ಸಿಗುತ್ತದೆ ಎಂದಳು. ಮೇಘಾ ಸೆರಗು ಸರಿಸಿ ಬೆನ್ನು ತೋರಿಸಿದಳು. ಹೆಗಲಿನಿಂದ ಸೊಂಟದವರೆಗೆ ಕೆಂಪಗೆ, ನಡುವೆ ಎರಡು ಕಡೆ ಬೊಬ್ಬೆ ಎದ್ದಿತ್ತು.

"ಹದಿನೆಂಟ ದಿನಾ ತಡಕೊಂಡ್ನಿ ಅಪ್ಪಾ. ಹಳೇ ಗೀಜರ್ ಕೆಟ್ಟಿರಲೇ ಇಲ್ಲ. ಅದರ ಕೆಳಗ ಬಿಸಿ ಕಡಿಮಿ ಮಾಡೂ ಗುಂಡಿ ಐತಿ. ನಾನ ತಿರುವಿಟ್ಟಿದ್ದೆ. ಈ ನಾಕ ದಿನ ಅಷ್ಟ ನಾ ಕಣ್ಣೀರ ಹಾಕದ ಜಳಕಾ ಮಾಡಿದ್ದು."

ಮೊದಲೇ ಯಾಕೆ ಹೇಳಲಿಲ್ಲ ಎಂದು ಪರಪ್ಪ ಕೇಳಿದ.

"ಯಾವಾಗ ಹೇಳ್ಲಿ? ಬಾಯಿ ತಗದ್ರ, ನಿಮ್ಮವ್ವ ಇದ್ದಿದ್ರ ಕುದಿಯೋ ನೀರ ಎರೀತಿದ್ಲು ಅಂತಿದ್ದಿ. ಅವ್ವ ಇದ್ದಿದ್ರ, ಸುಡತೈತೇನವ್ವಾ ಅಂತ ಒಂದ ಸಲಾ ನನ್ನ ಕೇಳತಿದ್ಲು."

ಭರಮವ್ವ ಹಿತ್ತಲ ಬಾಗಿಲಿನಿಂದ ಮೆಲ್ಲಗೆ ಜಾರಿಕೊಂಡಳು. ಅನ್ನಪೂರ್ಣಾಬಾಯಿ ಎದ್ದು ಕೂಸನ್ನು ಎತ್ತಿಕೊಂಡಳು. ಅವಳು ಕೆಟ್ಟವಳಲ್ಲ, ಆದರೆ ವ್ಯವಹಾರ ಬಲ್ಲವಳು. ಹಳೇ ಗೀಜರ್ ಕೆಟ್ಟಿಲ್ಲವೆಂದರೆ ಅದನ್ನು ಕಾರಿನಲ್ಲಿ ಇಟ್ಟುಬಿಡಿ, ನಮ್ಮ ಹಿಂದಿನ ಬಚ್ಚಲಿಗೆ ಬೇಕಾಗಿತ್ತು, ನಿಮಗೆ ಹೇಗೂ ಹೊಸದು ಬಂದಿದೆಯಲ್ಲ ಎಂದಳು.

ಪರಪ್ಪನೇ ಅದನ್ನು ಹೊತ್ತು ತಂದ. ಕಾರಿನ ಡಿಕ್ಕಿಯಲ್ಲಿ ಅದು ಅಳತೆ ಮಾಡಿಸಿದ ಹಾಗೆ ಕೂತಿತು. ಮೇಘಾ ಕಾಲು ಮುಟ್ಟಲು ಬಗ್ಗಿದಳು. ಆಶೀರ್ವಾದ ಮಾಡಲು ಅವಳ ಬೆನ್ನಿನ ಮೇಲೆ ಕೈ ಇಡಹೋಗಿ, ನೆನಪಾಗಿ, ಹಿಂದೆ ಎಳೆದುಕೊಂಡ. ಕಾರು ಘೋಡಗೇರಿಯ ಮೇಲೆ ಹುಕ್ಕೇರಿಯ ದಾರಿ ಹಿಡಿಯಿತು. ಮಾಸ್ತರರು ಬಳಿಗೆ ಬಂದು, ಗೀಜರಿನ ಜೊತೆ ಬಂದ ಚೀಟಿ ಪೂರ್ತಿ ಓದಿದೆ, ಕೆಂಪು ಅಂದರೆ ಬಿಸಿನೀರು ಹೊರಗೆ ಹೋಗುವ ಬಾಯಿಯಂತೆ ಎಂದು ತಿಳಿಸಿ ಮನೆಗೆ ಹೋದರು.

ಪರಪ್ಪ ಹಿತ್ತಲಿಗೆ ಬಂದು ಒಗೆಯುವ ಕಲ್ಲಿನ ಮೇಲೆ ಕೂತ. ಗೋಡೆಯ ಆಚೆಯಿಂದ ಶಹನಾಜಬಿ, ಬಂಬದೊಳಗೆ ಇನ್ನೂ ನಾಲ್ಕು ಕೊಡ ಕುದಿನೀರು ಉಳಿದಿದೆ, ಕಳಿಸಲೇನು ಪರಪ್ಪಣ್ಣಾ ಎಂದು ಕೇಳಿದಳು.

"ಬ್ಯಾಡವ್ವಾ," ಎಂದ ಪರಪ್ಪ. "ಎರಕೊಳ್ಳಾಕಿ ಹ್ವಾದ್ಲು."