ತೆಂಗಿನೆಣ್ಣೆ ಕುಡಿದ ಕೆಂಪು ಕಾರು

ಮೇಧಾ, ಸುಬ್ಬೂ, ನಿಮ್ಮ ಈ ಅಜ್ಜಿಗೆ ಮಾತು ಕಡಿಮೆ ಎಂದು ಊರಿಗೆಲ್ಲ ಗೊತ್ತು. ಮದುವೆಯಾಗಿ ಕುಮಟೆಗೆ ಬಂದ ಮೇಲೂ ಗಂಡಸರ ಎದುರು ತಲೆ ಎತ್ತಿದವಳಲ್ಲ. ಅಂಥವಳನ್ನು ಮೇಲೆ ಮಾಡಿನ ಹೊದಿಕೆಯೂ ಇಲ್ಲದ, ಎರಡೇ ಸೀಟಿನ ಸ್ಪೋರ್ಟ್ಸ್ ಕಾರಿನಲ್ಲಿ ಕೂರಿಸಿ ಭಟ್ಕಳಕ್ಕೆ ಕರೆದೊಯ್ದರು ಎಂದರೆ ನೀವು ನಂಬಲಿಕ್ಕಿಲ್ಲ.

ಆ ಕೆಂಪು ಕಾರು ನನ್ನ ಮೈದುನ ವಸಂತನದು, ಮುಂಬಯಿಯಿಂದ ತಂದದ್ದು. ಭಟ್ಕಳದಲ್ಲಿ ಅವನಿಗೊಂದು ಹೆಣ್ಣು ನೋಡುವುದಿತ್ತು. ನಮ್ಮ ಕಡೆಯ ಮುತ್ತೈದೆಯೊಬ್ಬಳು ಹೋಗಿ ಹುಡುಗಿಗೆ ಕುಂಕುಮ ಇಡಬೇಕು. ಆ ಕೆಲಸ ನನ್ನ ಪಾಲಿಗೆ ಬಂತು. ರಾಹುಕಾಲಕ್ಕೆ ಮೊದಲೇ ಮುಟ್ಟಬೇಕು. ತಪ್ಪಿದರೆ ಮರುದಿನ ಬೇರೆಯವರು ಬಂದು ನೋಡುವವರಿದ್ದರು. ವಸಂತನಿಗೆ ಆಗಲೇ ಎರಡು ಸಂಬಂಧ ಕೈತಪ್ಪಿದ್ದವು.

ಹೊರಡುವ ಹಿಂದಿನ ಸಂಜೆ ಕ್ಲಚ್ಚು ಕೈಕೊಟ್ಟಿತು. ಆ ಕಾರಿನಲ್ಲಿ ಕಾಲಿನಿಂದ ಒತ್ತಿದ ಬಲವನ್ನು ಗೇರಿನ ತನಕ ಮುಟ್ಟಿಸುವುದು ಕೊಳವೆಯೊಳಗಿನ ಎಣ್ಣೆಯೇ ಅಂತೆ. ಕೆಳಗಿನ ಸಿಲಿಂಡರಿನ ರಬ್ಬರು ಸವೆದು ಎಣ್ಣೆಯೆಲ್ಲ ಸೋರಿತ್ತು. ಪೇಟೆಯ ಮೆಕ್ಯಾನಿಕ್ಕು ಯಾವುದೋ ಲಾರಿಯ ರಬ್ಬರನ್ನು ಕೆತ್ತಿ ಕೂರಿಸಿಕೊಟ್ಟ. ಆದರೆ ಅದಕ್ಕೆ ಹಾಕುವ ಎಣ್ಣೆ ಕುಮಟೆಯಲ್ಲೆಲ್ಲೂ ಸಿಗಲಿಲ್ಲ.

"ಎಂತಕ್ಕೆ ತಲೆ ಕೆಡಿಸ್ಕಳ್ತೆ? ನಮ್ಮನೆಲಿ ಎಣ್ಣೆಗೆ ಬರಗಾಲ ಬಂದಿದ್ದಾ?" ಎಂದು ನನ್ನ ಅತ್ತೆ ಗಾಣದಿಂದ ತಂದ ತೆಂಗಿನೆಣ್ಣೆಯ ಡಬ್ಬವನ್ನೇ ಮುಂದಿಟ್ಟರು. ವಸಂತ ಸುರಿದೇಬಿಟ್ಟ.

ಅದು ಡಿಸೆಂಬರ್ ತಿಂಗಳು. ಬೆಳಗ್ಗೆ ನೋಡಿದರೆ ಪೆಡಲು ಕಲ್ಲು! ತಲೆಗೆ ಹಚ್ಚಲು ತೆಗೆದಿಟ್ಟ ಎಣ್ಣೆ ಬಟ್ಟಲಲ್ಲಿ ಹೆಪ್ಪುಗಟ್ಟಿದಂತೆ ಕಾರಿನ ಹೊಟ್ಟೆಯಲ್ಲೂ ಹೆಪ್ಪುಗಟ್ಟಿತ್ತು. ಬಚ್ಚಲ ಹಂಡೆಯ ಬಿಸಿನೀರನ್ನು ಕೊಳವೆಯ ಮೇಲೆ ಹೊಯ್ದು ಹೊಯ್ದು ಕರಗಿಸುವಷ್ಟರಲ್ಲಿ ಬೆಳಗಿನ ಬಸ್ಸೂ ಹೋಗಿತ್ತು.

ಹೊನ್ನಾವರದವರೆಗೆ ಸುಖವಾಗಿ ಬಂದೆವು. ಅಲ್ಲಿಯ ಹೊಳೆಗೆ ಆಗ ಸೇತುವೆ ಇರಲಿಲ್ಲ. ಜೋಡಿ ದೋಣಿಗೆ ಹಲಗೆ ಕಟ್ಟಿ ಗಾಡಿಗಳನ್ನು ದಾಟಿಸುತ್ತಿದ್ದರು. ಆಚೆ ದಡ ಮುಟ್ಟುವಾಗ ವಸಂತ ಕ್ಲಚ್ಚು ಒತ್ತಿದರೆ ಪೆಡಲು ಕೆಳಗೆ ಕೂತದ್ದು ಮೇಲೇಳಲೇ ಇಲ್ಲ. ಲಾರಿಯ ರಬ್ಬರು ಕಿತ್ತು ಹಲಗೆಯ ಮೇಲೆಲ್ಲ ಎಣ್ಣೆ.

"ಅಮ್ಮಾ, ನಿಮ್ಮ ಗಾಡಿಗೆ ಇವತ್ತು ಅಭ್ಯಂಜನವಾ?" ಎಂದ ದೋಣಿಯವ. ಎಲ್ಲರೂ ನಕ್ಕರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ವಸಂತ ಗೇರು ಹಾಕಿಟ್ಟೇ ಸ್ಟಾರ್ಟರ್ ಒತ್ತಿದ. ಕಾರು ಹುಚ್ಚು ಕರುವಿನಂತೆ ದಡಕ್ಕೆ ಜಿಗಿಯಿತು. "ಅತ್ತಿಗೇ, ಗಟ್ಟಿ ಹಿಡ್ಕ! ಕ್ಲಚ್ಚು ಹೋತು, ಇನ್ನು ಭಟ್ಕಳದ ತನಕ ನಿಲ್ಸೂಲೆ ಬತ್ತಿಲ್ಲೆ!" ಎಂದು ಕೂಗಿದ. ಎಮ್ಮೆ, ಎತ್ತಿನಗಾಡಿ, ಮೀನುಬುಟ್ಟಿ ಹೊತ್ತವರು, ಯಾರಿಂದಲೂ ಅವನನ್ನು ನಿಲ್ಲಿಸಲಾಗಲಿಲ್ಲ. ಅವನಿಗೆ ಬೈಯಬೇಕಾದ ಬೈಗುಳಗಳನ್ನೆಲ್ಲ ಮನಸ್ಸಿನಲ್ಲೇ ಜೋಡಿಸುತ್ತ ಬಂದೆ. ಹೆದರಿಕೆಗೆ ನಾಲಿಗೆ ಮಾತ್ರ ಹೊರಳಲಿಲ್ಲ.

ಹುಡುಗಿಯ ಮನೆಯಂಗಳದ ಹುಲ್ಲುಬಣವೆಗೆ ಮೂತಿ ತಾಗಿಸಿ ಕಾರು ನಿಂತಿತು. ರಾಹುಕಾಲ ಇನ್ನೂ ಬಂದಿರಲಿಲ್ಲ. ಹುಡುಗಿಯೇ ಓಡಿಬಂದು ನನ್ನ ಕೈ ಹಿಡಿದು ಇಳಿಸಿದಳು, ನೀರು ಕೊಟ್ಟಳು. ನಾನು ಇಟ್ಟ ಕುಂಕುಮ ಅವಳ ಹುಬ್ಬಿಗೆ ಹೋಗಿ ಕೂತಿತು. ಹೊರಡುವ ತನಕ ನನ್ನ ಬಾಯಿಂದ ಒಂದು ಶಬ್ದವೂ ಬರಲಿಲ್ಲ. ನಾವು ಬಸ್ಸಿನಲ್ಲಿ ಮರಳಿದೆವು. ಸರಿಯಾದ ರಬ್ಬರು ಮುಂಬಯಿಯಿಂದ ಬರುವವರೆಗೆ ಕಾರು ಅಲ್ಲೇ ಬೀಗರ ಅಂಗಳದಲ್ಲಿ ಕೋಳಿಗಳಿಗೆ ಗೂಡಾಗಿತ್ತು.

ಹೌದು, ಬೀಗರೇ. ಆ ಹುಡುಗಿಯೇ ನಿಮ್ಮ ಚಿಕ್ಕಜ್ಜಿ. ಯಾಕೆ ಒಪ್ಪಿದೆ ಎಂದು ಮದುವೆಯಾದ ಮೇಲೆ ಅವಳನ್ನು ಕೇಳಿದೆ. "ಅಂಥಾ ಗಾಡಿಲಿ ಬಂದೂ ಮೈದುನನಿಗೆ ಒಂದು ಮಾತು ಬೈಯದ ಅತ್ತಿಗೆ! ಇಂಥವಳಿದ್ದ ಮನೆಯಲ್ಲಿ ಜಗಳ ಎಲ್ಲಿ ಬಂತು ಅಂದ್ಕಂಡೆ" ಎಂದಳು. ದಾರಿಯುದ್ದ ಜೋಡಿಸಿದ ಬೈಗುಳಗಳ ಸಂಗತಿಯನ್ನು ನಾನು ಆಗಲೂ ಬಾಯಿಬಿಡಲಿಲ್ಲ.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿಡಿ. ಚಿಕ್ಕಜ್ಜಿಯ ಕೈಗೆ ಮಾತ್ರ ಸಿಗದಂತೆ ಇಡಿ. ನನ್ನ ಸಾಧುತನದ ಮೇಲೆ ಅವಳಿಗೆ ಇನ್ನೂ ನಂಬಿಕೆಯಿದೆ.